ವ್ಯಾಯಾಮದ ಲಾಭ: ಕರುಳಿನ ಬ್ಯಾಕ್ಟೀರಿಯಾವನ್ನೂ ಲೆಕ್ಕಕ್ಕೆ ಹಿಡಿಯಬೇಕೇ?

ಗಾಯವಾದ ಜಾಗ ಊದಿ ಕೆಂಪಾಗುತ್ತದಲ್ಲ, ಅದು ಬೇಕಾದ ಉರಿಯೂತ. ಗಾಯ ಮಾಯುತ್ತಿದ್ದಂತೆ ಇಳಿದುಹೋಗುತ್ತದೆ. ಇನ್ನೊಂದು ಬಗೆ ಕಣ್ಣಿಗೆ ಕಾಣುವುದಿಲ್ಲ, ನೋಯುವುದಿಲ್ಲ, ಆದರೆ ವರ್ಷಗಟ್ಟಲೆ ಮೈಯಲ್ಲೇ ಇರುತ್ತದೆ. ರಕ್ತ ಪರೀಕ್ಷೆಯಲ್ಲಿ ಸಿಆರ್‌ಪಿ, ಅಂದರೆ ಉರಿಯೂತವಿದ್ದಾಗ ಏರುವ ಒಂದು ಪ್ರೋಟೀನು, ಸ್ವಲ್ಪ ಜಾಸ್ತಿ ಬರಬಹುದು, ಅಷ್ಟೆ. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಎರಡರಲ್ಲೂ ಇದರ ಪಾಲಿದೆ. ದಿನಾ ಮೈ ದಣಿಸಿದರೆ ಇದು ಇಳಿಯುತ್ತದೆ ಎಂಬುದರಲ್ಲಿ ಹೆಚ್ಚು ತಕರಾರಿಲ್ಲ. ಆದರೆ ವ್ಯಾಯಾಮದ ಸಲಹೆ ಕೊಡುವಾಗ ಕರುಳಿನ ಬ್ಯಾಕ್ಟೀರಿಯಾದ ಬಗ್ಗೆಯೂ ಮಾತಾಡಬೇಕೇ ಎಂಬಲ್ಲಿ ಎರಡು ಅಭಿಪ್ರಾಯಗಳಿವೆ.

ಪರ: ಕರುಳನ್ನು ಬಿಟ್ಟರೆ ಸಲಹೆ ಅರ್ಧವಾಗುತ್ತದೆ

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವ್ಯಾಯಾಮದ ಅಭ್ಯಾಸವೇ ಇಲ್ಲದ 32 ಜನರಿಗೆ ಆರು ವಾರ, ವಾರಕ್ಕೆ 3 ದಿನ ವ್ಯಾಯಾಮ ಮಾಡಿಸಿದರು. ಊಟ ಮಾತ್ರ ಎಂದಿನಂತೆಯೇ ಇರಲಿ ಎಂದರು. ಆರು ವಾರ ಕಳೆಯುವಷ್ಟರಲ್ಲಿ ಅವರ ಕರುಳಿನ ಬ್ಯಾಕ್ಟೀರಿಯಾ ಬದಲಾಗಿದ್ದವು. ತೆಳ್ಳಗಿದ್ದವರ ಮಲದಲ್ಲಿ ಬ್ಯುಟಿರೇಟ್ ಹೆಚ್ಚಿತ್ತು. ಮತ್ತೆ ಆರು ವಾರ ವ್ಯಾಯಾಮ ಬಿಡಿಸಿದಾಗ ಬಹುಪಾಲು ಬದಲಾವಣೆ ಅಳಿಸಿಹೋಯಿತು. ಊಟ ಬದಲಾಗದಿದ್ದರೂ, ಮೈ ದಣಿಸಿದ್ದು ಕರುಳಿಗೆ ತಿಳಿಯುತ್ತದೆ ಅಂತಾಯಿತು.

ಬ್ಯುಟಿರೇಟ್ ಯಾಕೆ ಮುಖ್ಯ? ನಮ್ಮಿಂದ ಅರಗಿಸಲಾಗದ ನಾರನ್ನು ಬ್ಯಾಕ್ಟೀರಿಯಾ ಹುದುಗಿಸಿದಾಗ ಇದು ಹುಟ್ಟುತ್ತದೆ. ದೊಡ್ಡ ಕರುಳಿನ ಒಳಗೋಡೆಯ ಕೋಶಗಳಿಗೆ ಇದೇ ಮುಖ್ಯ ಆಹಾರ. ಇದು ಸಾಕಷ್ಟು ಸಿಕ್ಕರೆ ಆ ಕೋಶಗಳ ನಡುವಿನ ಬೆಸುಗೆ ಗಟ್ಟಿಯಾಗಿರುತ್ತದೆ. ಬೆಸುಗೆ ಸಡಿಲಾದರೆ ಎಂಡೋಟಾಕ್ಸಿನ್, ಅಂದರೆ ಕೆಲವು ಬ್ಯಾಕ್ಟೀರಿಯಾಗಳ ಹೊರಪೊರೆಯ ಚೂರುಗಳು, ರಕ್ತಕ್ಕೆ ಸೇರುತ್ತವೆ. ರೋಗನಿರೋಧಕ ಕೋಶಗಳು ಸೋಂಕೇ ಬಂತೆಂದು ಎದ್ದು ಕೂರುತ್ತವೆ. ಹೀಗೂ ಉರಿಯೂತ ಶುರುವಾಗುತ್ತದೆ.

ಒಂದೇ ವ್ಯಾಯಾಮದಿಂದ ಎಲ್ಲರಿಗೂ ಒಂದೇ ಲಾಭ ಸಿಗುವುದಿಲ್ಲ. ಹಾಂಗ್‌ಕಾಂಗ್‌ನಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 39 ಗಂಡಸರ ಮೇಲೆ ನಡೆದ ಅಧ್ಯಯನ 2020ರಲ್ಲಿ ಹೊರಬಂತು. ಕೆಲವರಿಗೆ 12 ವಾರದ ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು. ಇನ್ನು ಕೆಲವರಿಗೆ ಇಲ್ಲ. ಲಾಭ ಪಡೆದವರ ಮಲದ ಬ್ಯಾಕ್ಟೀರಿಯಾವನ್ನು ಬೊಜ್ಜಿನ ಇಲಿಗಳಿಗೆ ಕೊಟ್ಟಾಗ ಇಲಿಗಳಿಗೂ ಆ ಲಾಭ ಸಿಕ್ಕಿತು. ಬೆವರು ಸುರಿಸಿಯೂ ಏನೂ ಆಗಲಿಲ್ಲ ಎಂದು ನಿರಾಶರಾದವರಿಗೆ ‘ಇನ್ನೂ ಜಾಸ್ತಿ ಓಡಿ’ ಎನ್ನುವುದಷ್ಟೇ ಉತ್ತರವಾಗಬಾರದು, ಅಲ್ವಾ?

ವ್ಯಾಯಾಮ ಅತಿಯಾದಾಗಂತೂ ಕರುಳನ್ನು ಮರೆಯುವುದು ಅಪಾಯ. ಬಿಸಿಲಲ್ಲಿ ಗಂಟೆಗಟ್ಟಲೆ ಓಡುವಾಗ ರಕ್ತ ಸ್ನಾಯುಗಳಿಗೂ ಚರ್ಮಕ್ಕೂ ಹರಿದು, ಕರುಳಿಗೆ ಕಡಿಮೆಯಾಗುತ್ತದೆ. ಕರುಳಿನ ಗೋಡೆ ಸೋರುತ್ತದೆ. ಮ್ಯಾರಥಾನ್‌ಗೆ ಮುಂಚೆ ಐಬುಪ್ರೊಫೇನ್ ಎಂಬ ನೋವಿನ ಮಾತ್ರೆ ನುಂಗುವವರಿದ್ದಾರೆ. ಆ ಮಾತ್ರೆ ಈ ಪೆಟ್ಟನ್ನು ಇನ್ನಷ್ಟು ಹೆಚ್ಚಿಸುತ್ತದೆ. ಇದನ್ನು ಪ್ರತಿ ಓಟಗಾರನಿಗೂ ಹೇಳಲೇಬೇಕು.

ಊಟದ ಮಾತೂ ಇಲ್ಲೇ ಬರುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 10 ವಾರ ಹುದುಗಿಸಿದ ಆಹಾರ ಜಾಸ್ತಿ ತಿಂದವರ ರಕ್ತದಲ್ಲಿ ಉರಿಯೂತಕ್ಕೆ ಸಂಬಂಧಿಸಿದ 19 ಪ್ರೋಟೀನುಗಳು ಇಳಿದವು. ನಮ್ಮ ಮನೆಗಳಲ್ಲಿ ಮೊಸರು ಇದ್ದೇ ಇದೆ. ನಾರಿಗೆ ರಾಗಿ ಮುದ್ದೆ, ಹೆಸರುಕಾಳು ಉಸಲಿ ಇವೆ. ವಾಕಿಂಗ್ ಹೇಳಿಕೊಡುವವರು ಇವನ್ನೂ ಜೊತೆಗೆ ಹೇಳಲಿ.

ವಿರೋಧ: ಮೊದಲ ಕೆಲಸ ಸ್ನಾಯುವಿನದು

2003ರ ಒಂದು ಪ್ರಯೋಗವನ್ನು ನೋಡಿ. ಆರೋಗ್ಯವಂತ ಗಂಡಸರಿಗೆ ಇ. ಕೋಲಿ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಅನ್ನು ಸ್ವಲ್ಪ ಚುಚ್ಚಿದರು. ಸುಮ್ನೆ ಕೂತಿದ್ದಾಗ ಚುಚ್ಚಿದರೆ ರಕ್ತದಲ್ಲಿ ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನು ಏರಿತು. ಮೂರು ಗಂಟೆ ಸೈಕಲ್ ತುಳಿಯುತ್ತಿದ್ದಾಗ ಚುಚ್ಚಿದರೆ ಏರಲೇ ಇಲ್ಲ. ಮೂರು ಗಂಟೆಯಲ್ಲಿ ಕರುಳಿನ ಬ್ಯಾಕ್ಟೀರಿಯಾ ಬದಲಾಗಿ, ಅವು ನಾರನ್ನು ಹುದುಗಿಸಿ, ಗೋಡೆ ಗಟ್ಟಿಯಾಗುವುದು ಸಾಧ್ಯವೇ? ಸಾಲದ್ದಕ್ಕೆ ಎಂಡೋಟಾಕ್ಸಿನ್ ನೇರವಾಗಿ ರಕ್ತಕ್ಕೇ ಹೋಗಿತ್ತು. ಕರುಳಿನ ಗೋಡೆಗೆ ಅಲ್ಲಿ ಕೆಲಸವೇ ಇರಲಿಲ್ಲ.

ಹಾಗಾದರೆ ತಡೆದದ್ದು ಯಾವುದು? ಕೆಲಸ ಮಾಡುವ ಸ್ನಾಯು ಐಎಲ್-6 ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನ ಸಂಶೋಧಕಿ ಬೆಂಟೆ ಕ್ಲಾರ್ಲುಂಡ್ ಪೆಡರ್ಸನ್ ಮತ್ತು ಸಂಗಡಿಗರು ಇದನ್ನು ವರ್ಷಗಟ್ಟಲೆ ಬೆನ್ನುಹತ್ತಿದರು. ಅದೇ 2003ರ ಪ್ರಯೋಗದಲ್ಲಿ, ಸೈಕಲ್ ಬದಲು ಐಎಲ್-6 ಅನ್ನೇ ರಕ್ತಕ್ಕೆ ಹನಿಸಿದಾಗಲೂ ಟಿಎನ್‌ಎಫ್ ಏರದಂತೆ ತಡೆಯಿತು. ಡೆನ್ಮಾರ್ಕ್‌ನಲ್ಲೇ 2019ರಲ್ಲಿ ಇನ್ನೊಂದು ಸಾಕ್ಷಿ ಬಂತು. ಹೊಟ್ಟೆಯ ಬೊಜ್ಜಿದ್ದವರು 12 ವಾರ ಸೈಕಲ್ ತುಳಿದರು. ಹೊಟ್ಟೆಯೊಳಗಿನ ಕೊಬ್ಬು ಕರಗಿತು. ಆದರೆ ಔಷಧಿ ಕೊಟ್ಟು ಐಎಲ್-6ನ ಕೆಲಸಕ್ಕೆ ತಡೆ ಹಾಕಿದವರಲ್ಲಿ ಅದು ಕರಗಲಿಲ್ಲ. ಉರಿಯೂತವನ್ನು ಪೋಷಿಸುವುದು ಮುಖ್ಯವಾಗಿ ಆ ಕೊಬ್ಬೇ. ಇಷ್ಟು ನೇರವಾದ ಪುರಾವೆ ಮನುಷ್ಯರಲ್ಲಿ ಬ್ಯಾಕ್ಟೀರಿಯಾದ ಪರವಾಗಿ ಎಲ್ಲಿದೆ?

ಇಲಿನಾಯ್ ಅಧ್ಯಯನವನ್ನೇ ಪೂರ್ತಿ ಓದಿ. ಬ್ಯುಟಿರೇಟ್ ಹೆಚ್ಚಿದ್ದು ತೆಳ್ಳಗಿದ್ದವರಲ್ಲಿ. ಉರಿಯೂತ ಇಳಿಯಲೇಬೇಕಾದ ಬೊಜ್ಜಿನವರಲ್ಲಿ ಹಾಗೆ ಆಗಲಿಲ್ಲ. ಹಾಗೆಂದು ಅವರು ವ್ಯಾಯಾಮ ಬಿಡಬೇಕೇ? ಐರ್ಲೆಂಡಿನ 40 ವೃತ್ತಿಪರ ರಗ್ಬಿ ಆಟಗಾರರ ಕರುಳಿನಲ್ಲಿ ಹಲವು ಬಗೆಯ ಬ್ಯಾಕ್ಟೀರಿಯಾ ಇವೆ ಎಂದು 2014ರಲ್ಲಿ ದೊಡ್ಡ ಸುದ್ದಿಯಾಯಿತು. ಆ ಆಟಗಾರರು ಉಳಿದವರಿಗಿಂತ ಎಷ್ಟೋ ಜಾಸ್ತಿ ಪ್ರೋಟೀನ್ ತಿನ್ನುತ್ತಿದ್ದರು. ಬದಲಾವಣೆ ತಂದದ್ದು ಆಟವೋ ಊಟವೋ, ಬಿಡಿಸಿ ಹೇಳುವುದು ಕಷ್ಟ. ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ ವ್ಯಾಯಾಮವೇ ಇರಲಿಲ್ಲ. ಅದರಲ್ಲೇ ನಾರು ಹೆಚ್ಚು ತಿಂದ ಗುಂಪನ್ನು ಒಟ್ಟಾಗಿ ನೋಡಿದರೆ ಉರಿಯೂತದ ಪ್ರೋಟೀನುಗಳು ಹಾಗೆ ಇಳಿಯಲಿಲ್ಲ.

ಐಬುಪ್ರೊಫೇನ್ ಮಾತನ್ನು ಒಪ್ಪುತ್ತೇನೆ, ಓಟಗಾರರಿಗೆ ಹೇಳಲೇಬೇಕು. ಆದರೆ ಅಲ್ಲಿ ಪೆಟ್ಟು ಬೀಳುವುದು ಕರುಳಿನ ಗೋಡೆಗೆ. ಯಾವ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ತಿಳಿಯದೆಯೂ ಆ ಎಚ್ಚರಿಕೆ ಕೊಡಬಹುದು.

ನನ್ನ ನಿಜವಾದ ಚಿಂತೆ ಬೇರೆ. ಬ್ಯಾಕ್ಟೀರಿಯಾದ ಮಾತು ಬಂದ ಕೂಡಲೇ ಮಲ ಪರೀಕ್ಷೆಯ ಕಿಟ್ಟು, ಪ್ರೊಬಯಾಟಿಕ್ (ಒಳ್ಳೆಯದೆನ್ನುವ ಜೀವಂತ ಬ್ಯಾಕ್ಟೀರಿಯಾ) ಡಬ್ಬಿ ಹಿಂದೆಯೇ ಬರುತ್ತವೆ. ಯಾವ ಬ್ಯಾಕ್ಟೀರಿಯಾ ಎಷ್ಟಿದ್ದರೆ ಆರೋಗ್ಯ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲದಿರುವಾಗ, ಆ ರಿಪೋರ್ಟ್ ಹಿಡಿದು ಡಾಕ್ಟರ್ ಏನು ಮಾಡಬೇಕು? ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗೆ ದುಡ್ಡು ಬೇಕಿಲ್ಲ. ಮೊದಲು ಕರುಳು ಸರಿಯಾಗಲಿ, ಆಮೇಲೆ ನಡೆಯೋಣ ಎಂದು ಯಾರೂ ಅದನ್ನು ಮುಂದೂಡಬಾರದು. ಅಲ್ಸರೇಟಿವ್ ಕೊಲೈಟಿಸ್‌ನಂಥ ಕರುಳಿನ ಕಾಯಿಲೆ ಇದ್ದವರ ವಿಷಯ ಬೇರೆ. ಅವರು ಎಷ್ಟು ದಣಿಯಬಹುದು, ಏನು ತಿನ್ನಬಹುದು ಎಂಬುದನ್ನು ತಮ್ಮ ಡಾಕ್ಟರ್ ಹತ್ತಿರವೇ ಕೇಳಿಕೊಳ್ಳಲಿ.