ಎಂಜಿನ್ ಹೊಟ್ಟೆಯೊಳಗೊಂದು ಸ್ಪೀಕರ್

ಮಾದರಿ ರೈಲಿನ ಹುಚ್ಚು ಹಿಡಿದವರಿಗೆಲ್ಲ ಒಂದು ಹಂತ ಬಂದೇ ಬರುತ್ತದೆ. ಹಳಿ ಹಾಸಿ ಆಯ್ತು, ಸ್ಟೇಷನ್ ಕಟ್ಟಿ ಆಯ್ತು, ಗುಡ್ಡಕ್ಕೆ ಹಸಿರು ಪುಡಿ ಉದುರಿಸಿ ಆಯ್ತು. ಇಷ್ಟೆಲ್ಲ ಆದ ಮೇಲೆ ಉಗಿಬಂಡಿ ಹೊರಡುತ್ತದೆ, ಆದರೆ ಕೇಳಿಸೋದು ಬರೀ ಮೋಟರಿನ "ಝೀ..." ಮಾತ್ರ. ಅಷ್ಟು ಗತ್ತಿನ ಎಂಜಿನ್ನಿಗೆ ಹೊಲಿಗೆ ಮಷೀನಿನ ದನಿ! ಇದಕ್ಕೊಂದು ಚುಕುಬುಕು ಬೇಕಲ್ವಾ ಅಂತ ಅನ್ನಿಸಿತೋ, ಅಲ್ಲಿಗೆ ಜೇಬಿನ ನೆಮ್ಮದಿ, ಮನೆಯ ನೆಮ್ಮದಿ ಎರಡೂ ಹೋದವು ಅಂತಲೇ ಲೆಕ್ಕ.

ದುಡ್ಡಿದ್ದವರು ಸದ್ದು ಮಾಡುವ ಎಂಜಿನ್ನನ್ನೇ ಕೊಂಡುಬಿಡುತ್ತಾರೆ. ನಾವು ಇರುವ ಎಂಜಿನ್ನಿಗೇ ಬಾಯಿ ಬರಿಸಬೇಕು. ಎಲ್ಲಕ್ಕಿಂತ ಅಗ್ಗದ ದಾರಿ ಅಂದರೆ ಮೇಜಿನ ಕೆಳಗೊಂದು ಬ್ಲೂಟೂತ್ ಸ್ಪೀಕರ್ ಇಟ್ಟು, ಫೋನಿನಿಂದ ರೈಲಿನ ಸದ್ದು ಹಾಕುವುದು. ನಾನೂ ಹಾಕಿದೆ. ರೈಲು ಆ ಮೂಲೆಯ ಸುರಂಗದಲ್ಲಿ, ಸೀಟಿ ನನ್ನ ಮೊಣಕಾಲಿನ ಪಕ್ಕದಲ್ಲಿ. ರೈಲು ಸ್ಟೇಷನ್ನಿಗೆ ಬಂದು ನಿಂತ ಮೇಲೂ ಚುಕುಬುಕು ನಿಲ್ಲಲಿಲ್ಲ. ಆಮೇಲೆ ಫೋನ್ ಬಂತು, ಎಂಜಿನ್ನಿನ ಜಾಗದಲ್ಲಿ ನಮ್ಮ ಮಾವ ಮಾತಾಡತೊಡಗಿದರು.

ಹಾಗಾಗಿ ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್. ಇದರಲ್ಲಿ ಹಳಿಯ ಮೇಲೆ ಯಾವಾಗಲೂ ಕರೆಂಟ್ ಇರುತ್ತದೆ, ಅದರ ಜೊತೆಯಲ್ಲೇ ಹುಕುಂಗಳೂ ಹೋಗುತ್ತವೆ. ಎಂಜಿನ್ನಿನೊಳಗಿನ ಡಿಕೋಡರ್ ತನ್ನ ನಂಬರಿಗೆ ಬಂದದ್ದನ್ನು ಮಾತ್ರ ಕೇಳಿ, ಮೋಟರ್ ಓಡಿಸಿ, ದೀಪ ಹಚ್ಚಿ, ಸೌಂಡ್ ಇರುವ ಜಾತಿಯದಾದರೆ ಸೀಟಿಯನ್ನೂ ಹೊಡೆಯುತ್ತದೆ. ಜರ್ಮನಿಯ ಲೆಂಜ್ ಕಂಪನಿಯ ಪದ್ಧತಿಯನ್ನು ಹಿಡಿದು ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಎನ್‌ಎಂಆರ್‌ಎ ಸಂಸ್ಥೆ 1990ರ ದಶಕದಲ್ಲಿ ಇದಕ್ಕೊಂದು ಮಾನದಂಡ ಮಾಡಿತು. ನಮಗೆ ಅದರಿಂದ ಆದ ದೊಡ್ಡ ಉಪಕಾರ ಅಂದರೆ ವೈರಿನ ಬಣ್ಣಗಳು. ಕೆಂಪು, ಕಪ್ಪು ಹಳಿಗೆ. ಕಿತ್ತಳೆ, ಬೂದು ಮೋಟರಿಗೆ. ಬಿಳಿ ಮುಂದಿನ ದೀಪಕ್ಕೆ. ಎಂಜಿನ್ನಿನಲ್ಲಿ ಎಂಟು ಪಿನ್ನಿನ ಸಾಕೆಟ್ ಇದ್ದರೆ ಇದೂ ಬೇಡ, ಸುಮ್ನೆ ಸಿಕ್ಕಿಸಿದರೆ ಆಯ್ತು.

ಸಾಕೆಟ್ ಇಲ್ಲದ ಹಳೇ ಎಂಜಿನ್ನಿಗೆ ಬೆಸುಗೆ ಹಾಕಬೇಕು. ಅಲ್ಲಿ ಒಂದೇ ಒಂದು ನಿಯಮ. ಮೋಟರಿನ ಎರಡು ತುದಿಗಳೂ ಹಳಿಯಿಂದ ಕರೆಂಟ್ ಎಳೆಯುವ ಭಾಗಕ್ಕೆ ಎಲ್ಲೂ ತಾಗಬಾರದು. ಹಳೇ ಎಂಜಿನ್‌ಗಳಲ್ಲಿ ಒಂದು ತುದಿ ಲೋಹದ ಚಾಸಿಗೇ ತಾಗಿಕೊಂಡಿರುತ್ತದೆ. ನನ್ನ ಸ್ನೇಹಿತರೊಬ್ಬರು ಅದನ್ನು ಬಿಡಿಸದೆ ಹಳಿಯ ಮೇಲಿಟ್ಟರು. ಉಗಿಬಂಡಿಯಿಂದ ನಿಜವಾದ ಹೊಗೆ ಬಂತು. ಸದ್ದಿಗೆ ಅಂತ ದುಡ್ಡು ಕೊಟ್ಟದ್ದು, ಹೊಗೆ ಪುಕ್ಕಟೆ. "ಎಷ್ಟು ಚೆನ್ನಾಗಿದೆ!" ಅಂತ ಅವರ ಮಗಳು ಚಪ್ಪಾಳೆ ತಟ್ಟಿದಳಂತೆ.

ಅಗ್ಗದ ಸೌಂಡ್ ಡಿಕೋಡರಿಗೂ ದುಬಾರಿಯದಕ್ಕೂ ಏನು ವ್ಯತ್ಯಾಸ? ಅಗ್ಗದ್ದರಲ್ಲಿ ಸಾಮಾನ್ಯವಾಗಿ ಒಂದು ಜಾತಿ ಎಂಜಿನ್ನಿನ ಸದ್ದನ್ನು ತುಂಬಿ ಕಳಿಸಿರುತ್ತಾರೆ, ಬದಲಾಯಿಸೋಕಾಗಲ್ಲ. ದುಬಾರಿಯದರಲ್ಲಿ ಕಂಪ್ಯೂಟರಿನಿಂದ ಬೇರೆ ಸದ್ದು ತುಂಬಬಹುದು. ಹೊಸಬರಿಗೆ ಅಗ್ಗದ್ದೇ ಸಾಕು ಅನ್ನೋದು ನನ್ನ ಅಭಿಪ್ರಾಯ. ಇನ್ನೂ ಒಂದು ಉಪಾಯವಿದೆ. ಎಂಜಿನ್ನಿನಲ್ಲಿ ಈಗಾಗಲೇ ಸಾದಾ ಡಿಕೋಡರ್ ಇದ್ದರೆ ಅದನ್ನು ಮುಟ್ಟಬೇಡಿ. ಸದ್ದು ಮಾತ್ರ ಮಾಡುವ ಡಿಕೋಡರನ್ನು ಹಿಂದಿನ ಬೋಗಿಯಲ್ಲಿ ಕೂರಿಸಿ ಎರಡಕ್ಕೂ ಒಂದೇ ನಂಬರ್ ಕೊಡಿ. ಬೋಗಿ ಕಳಚಿಕೊಂಡ ದಿನ ಮಾತ್ರ ಎಂಜಿನ್ ಮೌನವಾಗಿ ಮುಂದೆ ಹೋಗುತ್ತದೆ, ಬೋಗಿ ನಿಂತಲ್ಲೇ ನಿಂತು ಚುಕುಬುಕು ಅನ್ನುತ್ತದೆ.

ಡಿಕೋಡರಿನಲ್ಲಿ ಉಳಿಸಿದ ದುಡ್ಡಲ್ಲಿ ಸ್ವಲ್ಪ ಸ್ಪೀಕರಿಗೆ ಹಾಕಿ. ಇಪ್ಪತ್ತು ಮೀಟರ್ ಉದ್ದದ ಎಂಜಿನ್ 1:87ರ ಎಚ್‌ಓ ಅಳತೆಯಲ್ಲಿ 23 ಸೆಂಟಿಮೀಟರ್. ಅದರಲ್ಲಿ ಮೋಟರ್, ಗೇರು, ತೂಕದ ಕಬ್ಬಿಣ ಎಲ್ಲ ಹೋಗಿ ಉಳಿಯುವ ಜಾಗಕ್ಕೆ ನಿಮ್ಮ ಕಿರುಬೆರಳೂ ಹೋಗಲ್ಲ. ಡಿಕೋಡರ್ ಜೊತೆ ಬರುವ ದುಂಡನೆಯ ಸ್ಪೀಕರನ್ನು ಅಲ್ಲಿ ಕೂರಿಸಲು ನೋಡಿದರೆ ಮೇಲಿನ ಮುಚ್ಚಳ ಕೂರಲ್ಲ, ಮುಚ್ಚಳ ಒತ್ತಿದರೆ ವೈರ್ ಕೀಳುತ್ತದೆ, ವೈರ್ ಬೆಸೆಯೋಣ ಅಂತ ಮುಚ್ಚಳ ತೆಗೆದರೆ ಎಳ್ಳುಕಾಳಿನಷ್ಟು ಸ್ಕ್ರೂ ಒಂದು ಚಿಮ್ಮಿ ನೆಲ ಸೇರುತ್ತದೆ. ಅದನ್ನು ಹುಡುಕಲು ಮನೆಮಂದಿಯೆಲ್ಲ ಟಾರ್ಚ್ ಹಿಡಿದು ಬಗ್ಗುತ್ತಾರೆ, ಅದು ಸಿಗೋದು ಮಾತ್ರ ಮರುದಿನ ಯಾರದ್ದೋ ಬರಿಗಾಲಿಗೆ. ಉಗಿಬಂಡಿಯಾದರೆ ಕಲ್ಲಿದ್ದಲು ತುಂಬುವ ಟೆಂಡರ್ ಖಾಲಿ ಇರುತ್ತದೆ, ಅಲ್ಲಿ ಹಾಕೋದು ವಾಸಿ. ಡೀಸೆಲ್ಲಿಗೆ ಮೊಬೈಲಿನಲ್ಲಿರುವ ಥರದ ಪುಟ್ಟ ಚೌಕದ ಸ್ಪೀಕರ್ ತನ್ನಿ. ಸಕ್ಕರೆ ಗಡ್ಡೆಯಷ್ಟೇ ಇರುವುದರಿಂದ ಅದಕ್ಕೆ ಶುಗರ್ ಕ್ಯೂಬ್ ಅಂತಲೇ ಹೆಸರು.

ಈ ಪುಟ್ಟ ಸ್ಪೀಕರನ್ನು ಬರಿದೇ ಕೈಯಲ್ಲಿ ಹಿಡಿದು ಸೀಟಿ ಹೊಡೆಸಿದರೆ ಯಾರೋ ಪಕ್ಕದ ರೂಮಿನಲ್ಲಿ ಗೊಣಗಿದ ಹಾಗೆ ಕೇಳುತ್ತದೆ. ಅಂಗಡಿಯವನು ಮೋಸ ಮಾಡಿದ ಅಂತ ಬೈಯುವ ಮೊದಲು ಅದರ ಹಿಂಭಾಗಕ್ಕೆ ಒಂದು ಡಬ್ಬಿ ಕಟ್ಟಿ. ಸ್ಪೀಕರಿನ ಪರದೆ ಮುಂದಕ್ಕೆ ಗಾಳಿ ತಳ್ಳುವಾಗ ಹಿಂದೆ ಎಳೆಯುತ್ತದೆ. ಎರಡೂ ಸೇರಿದರೆ ಒಂದನ್ನೊಂದು ಹೊಡೆದು ಹಾಕುತ್ತವೆ, ಅದರಲ್ಲೂ ಗಡುಸು ದನಿ ಪೂರ್ತಿ ಸತ್ತೇ ಹೋಗುತ್ತದೆ. ತೆಳು ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಅಂಚಿಗೆಲ್ಲ ಗಾಳಿ ಆಡದ ಹಾಗೆ ಅಂಟು ಬಳಿದು ಮುಚ್ಚಿದ ಮೇಲೆ ಅದೇ ಸೀಟಿ ಹೊಡೆಸಿ ನೋಡಿ. ನಾನು ಹೊಡೆಸಿದಾಗ ಬೆಕ್ಕು ಕಪಾಟಿನ ಮೇಲಿತ್ತು. ಹೇಗೆ ಹತ್ತಿತು ಅಂತ ನೋಡಿದವರಿಲ್ಲ.

ಇನ್ನು ನಂಬರಿನ ಕಥೆ. ಹೊಸ ಡಿಕೋಡರ್‌ಗಳೆಲ್ಲ 3 ಅನ್ನೋ ನಂಬರ್ ಹೊತ್ತು ಬರುತ್ತವೆ. ನಂಬರ್ ಬದಲಾಯಿಸದೆ ಎರಡು ಹೊಸ ಎಂಜಿನ್‌ಗಳನ್ನು ಎದುರುಬದುರು ನಿಲ್ಲಿಸಿ "ಮುಂದೆ" ಅಂದರೆ ಎರಡೂ ಹೊರಡುತ್ತವೆ. ಡಿಸಿಸಿಯಲ್ಲಿ ಮುಂದೆ ಅಂದರೆ ಆಯಾ ಎಂಜಿನ್ನಿನ ಮೂತಿ ಇರುವ ಕಡೆ. ಸೀಟಿಯ ಗುಂಡಿ ಒತ್ತಿದೆವು ಅಂದುಕೊಳ್ಳಿ, ಇಬ್ಬರೂ ಒಟ್ಟಿಗೆ ಸೀಟಿ ಹೊಡೆದುಕೊಂಡೇ ಬಂದು ಢಿಕ್ಕಿ ಹೊಡೆಯುತ್ತಾರೆ. ಪರಸ್ಪರ ಎಚ್ಚರಿಕೆಯನ್ನಂತೂ ಕೊಟ್ಟರಲ್ಲ! ಹಾಗಾಗಿ ಒಂದೊಂದೇ ಎಂಜಿನ್ನನ್ನು ಪ್ರೋಗ್ರಾಮಿಂಗ್ ಹಳಿಯ (ಸೆಟ್ಟಿಂಗು ಬರೆಯಲೆಂದೇ ಬೇರೆ ಇಟ್ಟ ಹಳಿ ತುಂಡು) ಮೇಲಿಟ್ಟು ಸಿವಿ 1ರಲ್ಲಿ, ಅಂದರೆ ಡಿಕೋಡರಿನ ಒಂದನೇ ಸೆಟ್ಟಿಂಗಿನಲ್ಲಿ, ಬೇರೆ ನಂಬರ್ ಬರೆಯಿರಿ. ಸೆಟ್ಟಿಂಗು ಗೊಂದಲವಾದರೆ ಬಹಳಷ್ಟು ಡಿಕೋಡರ್‌ಗಳಲ್ಲಿ ಸಿವಿ 8ಕ್ಕೆ 8 ಬರೆದರೆ ಎಲ್ಲ ಮೊದಲಿನಂತಾಗುತ್ತದೆ. ನಂಬರೂ 3ಕ್ಕೇ ವಾಪಸ್, ಅದು ಬೇರೆ ಮಾತು.

ಡೀಸೆಲ್ ಎಂಜಿನ್ನಿನಲ್ಲಿ ಒಂದು ವಿಶೇಷ. ನಿಂತಾಗಲೂ ಗುರ್ರ್ ಅನ್ನುತ್ತಲೇ ಇರುತ್ತದೆ. "ರೀ, ಯಾವುದೋ ಮೋಟರ್ ಆಫ್ ಮಾಡೋದು ಮರೆತಿದ್ದೀರಾ, ನೋಡಿ" ಅಂತ ಹೆಂಡತಿ ಒಳಗಿಂದ ಕೂಗುತ್ತಾಳೆ. ಇನ್ನು ಹಳಿಯ ಮೇಲೆ ಚೂರು ಕೊಳೆ ಇದ್ದರಂತೂ ಮುಗೀತು. ಬರೀ ಮೋಟರಿದ್ದಾಗ ಎಂಜಿನ್ ಆ ಜಾಗದಲ್ಲಿ ಸ್ವಲ್ಪ ಮುಗ್ಗರಿಸಿ ಮುಂದೆ ಹೋಗುತ್ತಿತ್ತು, ನಮಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಕರೆಂಟ್ ಅಷ್ಟು ತಪ್ಪಿದರೂ ಸದ್ದು ಕಟ್ಟಾಗುತ್ತದೆ. ಹಾಳಾದ್ದು, ಮತ್ತೆ ಮೊದಲಿನಿಂದ ಕೆಮ್ಮಿ, ತಿರುಗಿ, ಸ್ಟಾರ್ಟ್ ಆಗುತ್ತದೆ. ಒಂದು ಸುತ್ತಿಗೆ ಹತ್ತಾರು ಸಲ ಸ್ಟಾರ್ಟ್ ಆಗುವ ರೈಲನ್ನು ಯಾರು ಹತ್ತುತ್ತಾರೆ? ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹಳಿ ಒರೆಸಿ, ಎಂಜಿನ್ನಿನ ಚಕ್ರಗಳನ್ನೂ ಒರೆಸಿ. ಆಮೇಲೂ ಕಾಟ ಕೊಟ್ಟರೆ ಸ್ಟೇ ಅಲೈವ್ ಅನ್ನೋ ಕೆಪಾಸಿಟರ್ ಜೋಡಿಸಬಹುದು, ಕರೆಂಟ್ ತಪ್ಪಿದ ಆ ಕ್ಷಣವನ್ನು ಅದು ದಾಟಿಸುತ್ತದೆ. ಅದಕ್ಕೂ ಜಾಗ ಬೇಕು. ಮತ್ತೆ ಮುಚ್ಚಳ ತೆಗೀಬೇಕು. ಸ್ಕ್ರೂ ಜೋಪಾನ.

ಉಗಿಬಂಡಿಯವರಿಗೆ ಬೇರೆ ಚಿಂತೆ. ಎರಡು ಸಿಲಿಂಡರಿನ ಎಂಜಿನ್ ಚಕ್ರ ಒಂದು ಸುತ್ತು ತಿರುಗಿದರೆ ನಾಲ್ಕು ಸಲ "ಚಫ್" ಅನ್ನಬೇಕು. ಅಗ್ಗದ ಡಿಕೋಡರಿಗೆ ಚಕ್ರ ಕಾಣಲ್ಲ, ಅದು ವೇಗ ನೋಡಿ ಅಂದಾಜಿನಲ್ಲಿ ಉಸಿರು ಬಿಡುತ್ತದೆ. ಕೂತು ಹೊಂದಿಸಬಹುದು, ಆದರೆ ನಿಧಾನಕ್ಕೆ ಹೊಂದಿಸಿದರೆ ಜೋರಿನಲ್ಲಿ ತಪ್ಪುತ್ತದೆ, ಜೋರಿಗೆ ಹೊಂದಿಸಿದರೆ ನಿಧಾನದಲ್ಲಿ. ನಾನು ನಿಧಾನಕ್ಕೆ ಹೊಂದಿಸಿ ಕೈಬಿಟ್ಟೆ. ಜೋರಾಗಿ ಓಡುವಾಗ ಚಕ್ರ ಎಣಿಸುವ ಅತಿಥಿ ಬಂದರೆ ಅವರನ್ನು ಬೇರೆ ಕೋಣೆಯಲ್ಲಿ ಕೂರಿಸುತ್ತೇನೆ.

ಕೊನೆಗೆ ವಾಲ್ಯೂಮ್. ಇಷ್ಟು ಕಷ್ಟಪಟ್ಟು ಸದ್ದು ಬರಿಸಿದ ಮೇಲೆ ಮಾಡುವ ಮೊದಲ ಕೆಲಸ ಅದನ್ನು ತಗ್ಗಿಸುವುದು. ಕಾರ್ಖಾನೆಯಿಂದ ಬಂದ ಸದ್ದು ಮನೆಗೆ ಜಾಸ್ತಿಯೇ. ಲೋಕ್‌ಸೌಂಡ್ ಥರದ ಡಿಕೋಡರಿನಲ್ಲಿ ಒಟ್ಟು ವಾಲ್ಯೂಮಿಗೆ ಸಿವಿ 63 ಇದೆ, ಬೇರೆಯವುಗಳಿಗೆ ಜೊತೆಗೆ ಬಂದ ಚೀಟಿ ನೋಡಿ. ಅರ್ಧಕ್ಕೆ ಇಳಿಸಿ, ನಾಲ್ಕು ಹೆಜ್ಜೆ ದೂರ ನಿಂತು ಕೇಳಿ, ಮತ್ತೆ ಇಳಿಸಿ. ಇನ್ನೂ ಅವಸರವಿದ್ದರೆ ಎಷ್ಟೋ ಡಿಕೋಡರ್‌ಗಳಲ್ಲಿ ಕಂಟ್ರೋಲರಿನ ಎಫ್8 ಗುಂಡಿ ಒತ್ತಿದರೆ ಸದ್ದು ಪೂರ್ತಿ ಬಂದ್. ನಮ್ಮನೆಯಲ್ಲಿ ರೈಲು ಓಡಿಸಲು ಬರೋದು ನನಗೊಬ್ಬನಿಗೇ, ಎಫ್8 ಎಲ್ಲಿದೆ ಅಂತ ಮಾತ್ರ ಕತ್ತಲಲ್ಲೂ ಎಲ್ಲರಿಗೂ ಗೊತ್ತು.