ಸುರಂಗದ ಬಾಯಲ್ಲಿ ಬ್ರೇಕ್ ಬೀಳುವುದು ಅಂಜಿಕೆಯಿಂದಲ್ಲ

ಸುರಂಗದ ಬಾಯಲ್ಲಿ ಚಾಲಕರು ಅಂಜಿ ಬ್ರೇಕ್ ಒತ್ತುತ್ತಾರೆ, ಎಚ್ಚರಿಕೆ ಫಲಕ ಹೆಚ್ಚಿಸಿದರೆ ಸಾಕು ಎಂಬ ಲೇಖನದ ಮಾತು ಒಪ್ಪಲಾರೆ. ಬಿಸಿಲಿಗೆ ಹೊಂದಿಕೊಂಡ ಕಣ್ಣಿಗೆ ಒಳಗಿನದೆಲ್ಲ ಕಪ್ಪು ಕುಳಿ; ಮುಂದೇನಿದೆ ಎಂದು ಕಾಣದವನು ಬ್ರೇಕ್ ಒತ್ತದೆ ಇನ್ನೇನು ಮಾಡಬೇಕು? ಮದ್ದು ಇರುವುದು ಬೆಳಕಿನಲ್ಲಿ. ಪ್ರವೇಶದಿಂದ ಒಂದು ನಿಲುಗಡೆ ದೂರದಷ್ಟು (ಅಡ್ಡಿ ಕಂಡ ಚಾಲಕ ವಾಹನವನ್ನು ಪೂರ್ತಿ ನಿಲ್ಲಿಸಲು ಬೇಕಾಗುವ ದೂರ), ಅಂದರೆ ಗಂಟೆಗೆ 80 ಕಿ.ಮೀ. ವೇಗಕ್ಕೆ ಸುಮಾರು 120 ಮೀಟರ್, ಪ್ರಖರ ದೀಪ ಬೇಕು. ಅದರ ಮೊದಲರ್ಧ ಪೂರ್ಣ ಪ್ರಕಾಶ, ಉಳಿದರ್ಧದಲ್ಲಿ ಮೆಲ್ಲಗೆ ಶೇ. 40ಕ್ಕೆ ಇಳಿಕೆ, ಆಮೇಲೆ ಇನ್ನಷ್ಟು ಮಂದ. ಗೋಡೆಗೆ ಕನಿಷ್ಠ 2 ಮೀಟರ್ ಎತ್ತರದವರೆಗೆ ತಿಳಿಬಣ್ಣವೂ ಬೇಕು, ವಾಹನದ ಆಕಾರ ಎದ್ದು ಕಾಣುವುದು ಆ ಹಿನ್ನೆಲೆಯಿಂದಲೇ. ಹೊಗೆಮಸಿ ತೊಳೆಯದೆ ಬಿಟ್ಟರೆ ಇದೆಲ್ಲ ವ್ಯರ್ಥ. ಉದ್ದ ಸುರಂಗದ ಕಷ್ಟ ಬೇರೆ, ಅಲ್ಲಿ ಏಕತಾನತೆಯಿಂದ ಮಂಪರು: ನಾರ್ವೆಯ 24.5 ಕಿ.ಮೀ. ಲ್ಯಾರ್ಡಾಲ್ ಸುರಂಗದಲ್ಲಿ ಅದಕ್ಕೇ ನೀಲಿ ಬೆಳಕಿನ ಮೂರು ವಿಶಾಲ ಗುಹೆಗಳಿವೆ.