ಲೇತಿಗೆ ಅಭಿಷೇಕ

ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ ಲೇತ್; ಕಡೆಯುವಾಗಿನ ಬಿಸಿ ತಣಿಸಲು ಸುರಿಯುವ ದ್ರವ ಕೂಲಂಟ್. ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಲ್ಲಿ ಕೂಲಂಟ್ ಎಂದರೆ ಒಂದು ಪಂಪು, ಒಂದು ನಲ್ಲಿ, ಸುತ್ತ ತಗಡಿನ ಮರೆ. ಅಷ್ಟಕ್ಕೇ ಮುಗಿಯಿತು. ಮನೆಯ ಕಾರ್ ಶೆಡ್ಡಿನಲ್ಲಿ ಲೇತ್ ಇಟ್ಟುಕೊಂಡವರಿಗೆ ಅದು ಸಂಸಾರ ತಾಪತ್ರಯ. ನೀರಿನಲ್ಲಿ ಬೆರೆಯುವ ಎಣ್ಣೆ, ಅಂದರೆ ಸಾಲ್ಯುಬಲ್ ಆಯಿಲ್, ಒಂದು ಪಾಲಿಗೆ ನೀರು 20 ಪಾಲು. ಮೊದಲು ನೀರು, ಆಮೇಲೆ ಎಣ್ಣೆ. ತಿರುಗಾಮುರುಗಾ ಮಾಡಿದರೆ ಗಂಟುಗಂಟಾಗಿ ಕೂರುತ್ತದೆ.

ಇಷ್ಟು ಶಾಸ್ತ್ರೋಕ್ತವಾಗಿ ಕಲಸಿದ ಬಿಳಿ ನೀರು ಲೋಹ ಕತ್ತರಿಸುವ ಟೂಲಿನ ಮೊನೆಗೆ ಬೀಳಬೇಕು. ಬೀಳುತ್ತದೆ ಕೂಡ, ಅರೆಕ್ಷಣ. ಅಷ್ಟರಲ್ಲಿ ಲೋಹದ ತುಂಡನ್ನು ಕಚ್ಚಿ ಹಿಡಿದು ನಿಮಿಷಕ್ಕೆ 500 ಸುತ್ತು ತಿರುಗುವ ಚಕ್ ಅದನ್ನು ಎತ್ತಿ ಎಸೆದಿರುತ್ತದೆ. ಎಸೆಯುವುದಾದರೂ ಎಂಥ ಶಿಸ್ತು! ಚಕ್ಕಿನ ನೇರಕ್ಕೆ ನನ್ನ ಅಂಗಿಯ ಗುಂಡಿಪಟ್ಟಿಯಿಂದ ಶುರುವಾಗಿ, ಕನ್ನಡಕ ಹಾದು, ಸೂರಿಗೇರಿ, ಎದುರು ಗೋಡೆಯ ಮೇಲೆ ಇಳಿಯುವ ಒಂದೇ ಗೆರೆ. ಗಾರೆಯವರು ದಾರ ಹಿಡಿದರೂ ಅಷ್ಟು ನೇರ ಬರುವುದಿಲ್ಲ. ಆ ಗೆರೆಯ ದಾರಿಯಲ್ಲಿ ಅಪ್ಪನ ಬಿಳಿ ಪಂಚೆ ಒಣಗುತ್ತಿತ್ತು. “ಮಾಡಿದ್ದು ನಾನಲ್ಲಮ್ಮ, ಕೇಂದ್ರಾಪಗಾಮಿ ಬಲ” ಎಂದೆ. “ಆ ಬಲಕ್ಕೇ ಹೇಳು, ಒಗೆದು ಕೊಡಲಿ” ಎಂದಳು ಅಮ್ಮ.

ಬ್ರಷ್ಷಿನಲ್ಲಿ ಹಚ್ಚಿ ಎನ್ನುತ್ತಾರೆ ತಿಳಿದವರು. ಸರಿಯಾದ ಮಾತೇ. ಆದರೆ ಬ್ರಷ್ ಚಕ್ಕಿನ ದವಡೆಗೆ ಸಿಕ್ಕರೆ ಕೂದಲು ಅದರದ್ದು, ಹಿಡಿ ಮಾತ್ರ ನಿಮ್ಮದು. ಬೀಡು ಕಬ್ಬಿಣಕ್ಕೆ ಏನೂ ಹಚ್ಚದಿರುವುದೇ ಮೇಲು. ಹಚ್ಚಿದರೆ ಅದರ ಕರಿ ಪುಡಿ ನೆನೆದು ಲೇತಿನ ಉದ್ದನೆಯ ಪೀಠವಾದ ಬೆಡ್ಡನ್ನೇ ಸವೆಸುವ ಕೆಸರಾಗುತ್ತದೆ. ಅಲ್ಯೂಮಿನಿಯಂಗೆ ಒಂದೆರಡು ಹನಿ ಸೀಮೆಎಣ್ಣೆ ಸಾಕು. ಈಗ ಸೀಮೆಎಣ್ಣೆ ಹುಡುಕುವುದಕ್ಕಿಂತ ಅಲ್ಯೂಮಿನಿಯಂನ ಸಹವಾಸ ಬಿಡುವುದೇ ಸುಲಭ.

ಇನ್ನು ಕಡೆಯುವಾಗ ಉದುರುವ ಲೋಹದ ಚೂರು. ಹಿತ್ತಾಳೆಯದಂತೂ ಕಣ್ಣಿಗೆ ಕಾಣುವುದಿಲ್ಲ, ಕಾಲಿಗೇ ಗೊತ್ತಾಗುವುದು. ಚಪ್ಪಲಿ ಕೊಡವಿ, ಪ್ಯಾಂಟ್ ಕೊಡವಿ ಒಳಗೆ ಬಂದರೂ ನಮಗಿಂತ ಮೊದಲು ಅದು ಹಾಸಿಗೆ ಸೇರಿರುತ್ತದೆ. ನನ್ನವಳು ಅಂಗಾಲನ್ನು ದೀಪಕ್ಕೆ ಹಿಡಿದು, ಸೇಫ್ಟಿ ಪಿನ್ನಿನಿಂದ ಕೆದಕುತ್ತ, “ಇದು ಹಿತ್ತಾಳೇನೋ, ಉಕ್ಕೋ?” ಎಂದು ಕೇಳುವಷ್ಟು ಪಳಗಿದ್ದಾಳೆ. ಉಕ್ಕಿನ ಚೂರು ಗುಡಿಸುವ ಉಪಾಯವೂ ಅವಳದೇ. ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನೊಳಗಿಟ್ಟು ನೆಲದ ಮೇಲಾಡಿಸಿ, ಚೂರು ಅಂಟಿದ ಮೇಲೆ ಕವರನ್ನು ಒಳಹೊರಗು ಮಾಡಿ ಎಳೆಯುತ್ತಾಳೆ. ಹಿತ್ತಾಳೆ ಆ ಆಟಕ್ಕೆ ಬರುವುದಿಲ್ಲ.

ಗಣೇಶನ ಹಬ್ಬಕ್ಕೆ ಊರಿಗೆ ಹೋಗಿ ಬರುವಷ್ಟರಲ್ಲಿ ಬೀದಿಯೆಲ್ಲ ಕೊಳೆತ ಮೊಟ್ಟೆಯ ವಾಸನೆ. ಮ್ಯಾನ್‌ಹೋಲ್ ಕಟ್ಟಿಕೊಂಡಿದೆಯೆಂದು ಪಕ್ಕದ ಮನೆಯವರು ಜನ ಕರೆಸಿದ್ದರು. ಬಂದವರು ಮುಚ್ಚಳ ತೆಗೆದು ನೋಡಿ, “ಇದು ಚೆನ್ನಾಗೇ ಹರೀತಿದೆ ಸಾರ್, ವಾಸನೆ ಆ ಶೆಡ್ಡಿಂದ” ಎಂದು ನಮ್ಮ ಕಡೆ ಕೈ ತೋರಿಸಿದರು. ಲೇತಿನ ಅಡಿಯ ತೊಟ್ಟಿ, ಅಂದರೆ ಸಂಪಿನಲ್ಲಿ ನಿಂತ ಕೂಲಂಟ್! ಬೆಡ್ಡಿನಿಂದ ಸೋರಿದ ಎಣ್ಣೆ ಮೇಲೆ ಕೆನೆಗಟ್ಟಿ ಗಾಳಿಯ ದಾರಿ ಮುಚ್ಚುತ್ತದೆ. ಗಾಳಿ ಬೇಡದ ಬ್ಯಾಕ್ಟೀರಿಯಾಗಳಿಗೆ ಅಲ್ಲಿಂದಲೇ ಹಬ್ಬ. ಹಳೇ ಪೇಪರ್ ಹಾಸಿ ಎಣ್ಣೆ ಎತ್ತಿದೆ. ಅಕ್ವೇರಿಯಂ ಪಂಪ್ ತಂದು ಗುಳುಗುಳು ಗಾಳಿ ಬಿಟ್ಟೆ. ವಾಸನೆ ತಗ್ಗಿತು. ಪಕ್ಕದ ಮನೆಯ ಹುಡುಗ ಮಾತ್ರ ದಿನಾ ಬಂದು ಸಂಪಿನೊಳಗೆ ಬಗ್ಗಿ ನೋಡುತ್ತಾನೆ: “ಅಂಕಲ್, ಮೀನು ಯಾವಾಗ ಬಿಡ್ತೀರಾ?”

ವರ್ಷವಿಡೀ ಹೇಗಾದರೂ ಇರಲಿ, ಆಯುಧಪೂಜೆಗೆ ಲೇತ್ ಹೊಳೆಯಬೇಕೆಂಬುದು ಅಮ್ಮನ ಆಜ್ಞೆ. ಬನಿಯನ್ ವೇಸ್ಟ್ ಹಿಡಿದು ಬೆಡ್ಡು, ಚಕ್ಕು ಎಲ್ಲ ಒರೆಸಿ ಎಣ್ಣೆ ಸವರಿದೆ. ಅಮ್ಮ ಚಕ್ಕನ್ನು ತಿರುಗಿಸುವ ತಲೆಭಾಗಕ್ಕೆ, ಅಂದರೆ ಹೆಡ್‌ಸ್ಟಾಕಿಗೆ, ಅರಿಶಿನ ಬಳಿದಳು. ಸಂದಿಯಲ್ಲಿ ಉಳಿದಿದ್ದ ಕೂಲಂಟ್ ತಾಗಿದ ಕಡೆಯೆಲ್ಲ ಅರಿಶಿನ ಕಣ್ಣೆದುರೇ ಕೆಂಪಗಾಯಿತು. ಕಬ್ಬಿಣ ತುಕ್ಕು ಹಿಡಿಯದಿರಲೆಂದು ಕೂಲಂಟನ್ನು ಕ್ಷಾರವಾಗಿಯೇ ಇಡುತ್ತಾರೆ. ಅರಿಶಿನಕ್ಕೆ ಸುಣ್ಣ ಬೆರೆತಾಗ ಆಗುವುದೇ ಇಲ್ಲೂ ಆದದ್ದು. ಇದನ್ನೆಲ್ಲ ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಕೈಮುಗಿದಾಗಿತ್ತು. “ನೋಡೋ, ಕುಂಕುಮ ತಾನೇ ಇಟ್ಕೊಂಡಿದೆ” ಎಂದು, ಬಟ್ಟಲು ಎತ್ತಿಕೊಂಡು ಸ್ಕೂಟರಿನ ಕಡೆ ನಡೆದಳು.